ನಿಂತ ಕಾರು ಯಾಕೆ ನಿಂತಿತು?

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ನನ್ನ ಸೋದರಮಾವನ ಹೆರಾಲ್ಡ್ ಮಾಡೆಲ್ ಕಾರಿನ ಬಗ್ಗೆ ಬರೆದಿದ್ದೆ. ಓದದವರಿಗಾಗಿ ಎರಡು ಮಾತು. ಮಾವ ಹಡಗಿನಲ್ಲಿ ಕೆಲಸ ಮಾಡುತ್ತಿದ್ದರು. 1974ರಲ್ಲಿ ಇಂಗ್ಲೆಂಡಿನಿಂದ ಏರ್‌ಫಿಕ್ಸ್ ಕಂಪನಿಯ ಟ್ರಯಂಫ್ ಹೆರಾಲ್ಡ್ ಕಿಟ್ ತಂದರು, ಅಂದರೆ ಬಿಡಿ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ಕಟ್ಟುವ ಪುಟ್ಟ ಕಾರು. ನಮ್ಮ ತಾತನ ಹತ್ತಿರ ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು. ಆ ಕಾರಿನ ಮೇಲಿನ ಪ್ರೀತಿಗೆ ತಂದ ಕಿಟ್ ಅದು. 1/32 ಅಳತೆ, ಅಂದರೆ ನಿಜವಾದ ಕಾರಿನ ಮೂವತ್ತೆರಡರಲ್ಲಿ ಒಂದು ಭಾಗ, ಉದ್ದ ಸುಮಾರು 12 ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಮುಕ್ಕಾಲು ಕಟ್ಟಿ ಬಿಟ್ಟಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ ಅದು ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು. ನಾನು ಅದನ್ನು ತೆಗೆದು ಸರಿ ಮಾಡಿದೆ.

ನಾನು 28 ವರ್ಷ ಮೈಸೂರಿನಲ್ಲಿ ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಡಾಕ್ಟರು ಅಚ್ಚು ಕಳಿಸುತ್ತಾರೆ, ನಾವು ಹಲ್ಲಿನ ಸೆಟ್ ಕಟ್ಟಿ ಕೊಡುತ್ತೇವೆ. ಸೆಟ್ ಕೂರುತ್ತಿಲ್ಲ ಅಂತ ವಾಪಸ್ ಬಂದರೆ ನಾವು ಮೊದಲು ಸೆಟ್ಟನ್ನು ತಿದ್ದುವುದಿಲ್ಲ. ಯಾವ ಹಂತದಲ್ಲಿ ತಪ್ಪಾಯಿತು ಅಂತ ಹುಡುಕುತ್ತೇವೆ. ಅರ್ಧಕ್ಕೆ ನಿಂತ ಕಿಟ್‌ಗೂ ಇದೇ ಮಾತು. ಜನ ಸುಮ್ನೆ ಬೇಜಾರಾಗಿ ಬಿಟ್ಟರು ಅಂದುಕೊಳ್ಳುತ್ತೇವೆ. ನಾನು ನೋಡಿದ ಕಿಟ್‌ಗಳಲ್ಲಿ ಹೆಚ್ಚಿನವು ನಿಂತ ಜಾಗದಲ್ಲೇ ನಿಂತದ್ದರ ಕಾರಣವೂ ಇತ್ತು. ಮಾವನನ್ನು ಕೇಳಿದೆ. ಈಗ ಎಂಬತ್ತರ ಹತ್ತಿರ ಅವರಿಗೆ. ತಕ್ಷಣ ಹೇಳಿದರು: "ಮುಂದಿನ ಗಾಜಿನ ಮೇಲೆ ಅಂಟಿನ ಬೆರಳು ಬಿತ್ತು. ಒರೆಸಿದೆ, ಇನ್ನೂ ಹಾಳಾಯ್ತು. ಎತ್ತಿಟ್ಟುಬಿಟ್ಟೆ ಕಣೇ."

ಆ ಬರಹಕ್ಕೆ ಬಂದ ಪತ್ರಗಳಲ್ಲಿ ಏಳಕ್ಕೆ ಈ ಸಲ ಉತ್ತರ.

ಅಟ್ಟ ಸ್ವಚ್ಛ ಮಾಡುವಾಗ ಅಣ್ಣನ ಹಳೆ ಕಾರ್ ಕಿಟ್ ಸಿಕ್ಕಿತು. ಡಬ್ಬದ ಮೇಲೆ ತಮಿಯಾ, 1/24 ಅಂತಿದೆ. ಅಣ್ಣ ದುಬೈನಿಂದ 1988ರಲ್ಲಿ ತಂದದ್ದು. ತಳಭಾಗ ಕಟ್ಟಿದ್ದಾನೆ, ಮುಂದಿನ ಒಂದು ಚಕ್ರದ ಭಾಗ ತಿರುಗುತ್ತಿಲ್ಲ. ಉಳಿದ ಭಾಗಗಳು ಚೀಲದಲ್ಲೇ ಇವೆ. ಎಲ್ಲಿಂದ ಶುರು ಮಾಡಲಿ? — ಓದುಗರು, ದಾವಣಗೆರೆ

ಮೊದಲ ದಿನ ಏನೂ ಮಾಡಬೇಡಿ. ಅಂಟು, ಬಣ್ಣ, ಬ್ಲೇಡು ಯಾವುದನ್ನೂ ಮುಟ್ಟಬೇಡಿ. ಒಂದು ಬಿಳಿ ಟವೆಲ್ ಹಾಸಿ, ಡಬ್ಬದಲ್ಲಿರುವುದನ್ನೆಲ್ಲ ಅದರ ಮೇಲೆ ಹರಡಿ ಫೋಟೋ ತೆಗೆಯಿರಿ. ಡಬ್ಬದ ಮೂಲೆಯ ಧೂಳನ್ನು ಕೊಡವಿ ಎಸೆಯಬೇಡಿ, ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಿರಿ. ಸೈಡ್ ಕನ್ನಡಿ, ಬಾಗಿಲ ಹಿಡಿಕೆ, ವೈಪರ್ ಎಲ್ಲ ಅಲ್ಲೇ ಸಿಗುತ್ತವೆ. ನನಗೆ ಒಮ್ಮೆ ಹೆಡ್‌ಲೈಟಿನ ಗಾಜು ಸಿಕ್ಕಿದ್ದು ಹಾಗೇ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಆಮೇಲೆ ಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಸಿಂಕಿನ ತೂತಿಗೆ ಜಾಲರಿ ಇಡುವುದು ಮರೆಯಬೇಡಿ. ಭಾಗಗಳು ಹಿಡಿದುಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿಗೆ ಸ್ಪ್ರೂ ಅಂತಾರೆ. ಅದರಿಂದ ಯಾವುದನ್ನೂ ಕತ್ತರಿಸಬೇಡಿ. ಒಂದೊಂದು ಭಾಗದ ಪಕ್ಕದಲ್ಲೂ ನಂಬರ್ ಇರುತ್ತದೆ, ಕತ್ತರಿಸಿದರೆ ಗುರುತು ಹೋಗುತ್ತದೆ. ಜೋಡಣೆಯ ಹಾಳೆ ಕಳೆದಿದ್ದರೆ ಚಿಂತೆ ಬೇಡ. ಸ್ಕೇಲ್‌ಮೇಟ್ಸ್ ಅನ್ನುವ ಜಾಲತಾಣದಲ್ಲಿ ಹಳೆ ಕಿಟ್‌ಗಳ ಹಾಳೆಗಳನ್ನು ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಡಬ್ಬದ ಮೇಲಿನ ನಂಬರ್ ಹಾಕಿ ಹುಡುಕಿ.

ಈಗ ಅಣ್ಣ ಎಲ್ಲಿ ನಿಲ್ಲಿಸಿದ ಅಂತ ನೋಡೋಣ. ನೀವೇ ಬರೆದಿದ್ದೀರಿ, ಮುಂದಿನ ಒಂದು ಚಕ್ರದ ಭಾಗ ತಿರುಗುತ್ತಿಲ್ಲ ಅಂತ. ನನ್ನ ಪ್ರಕಾರ ಕಾರಣ ಅಲ್ಲೇ ಇದೆ. ತಮಿಯಾ ಜಪಾನಿನ ಶಿಜುವೊಕಾದ ಕಂಪನಿ. ಅವರ ಎಷ್ಟೋ ಕಾರುಗಳಲ್ಲಿ ಮುಂದಿನ ಚಕ್ರ ನಿಜವಾದ ಕಾರಿನ ಹಾಗೆ ಎಡಕ್ಕೆ ಬಲಕ್ಕೆ ತಿರುಗುತ್ತದೆ. ಅಲ್ಲಿ ಒಂದು ಸಣ್ಣ ಗೂಟ ತೂತಿನೊಳಗೆ ಸಡಿಲವಾಗಿ ಇರಬೇಕು. ಇಲ್ಲಿ ಅಂಟು ಹಾಕಬೇಡಿ ಅಂತ ಹಾಳೆಯಲ್ಲಿ ಗುರುತೂ ಇರುತ್ತದೆ. ಪಕ್ಕದ ಭಾಗಕ್ಕೆ ಹಾಕಿದ ಅಂಟು ಇಳಿದು ಗೂಟಕ್ಕೆ ಹಿಡಿದಿರಬೇಕು. ಇಪ್ಪತ್ತರ ಹುಡುಗ ಇದನ್ನು ನೋಡಿ, ಬೇಸರಪಟ್ಟು, ನಾಳೆ ನೋಡೋಣ ಅಂತ ಮುಚ್ಚಿಟ್ಟಿರುತ್ತಾನೆ. ಆ ನಾಳೆ ಇವತ್ತು ನಿಮ್ಮ ಕೈಗೆ ಬಂದಿದೆ.

ಬಿಡಿಸುವ ಮುನ್ನ ಅಂಟು ಯಾವುದು ಅಂತ ಗುರುತಿಸಿ. ಭೂತಗನ್ನಡಿ ಹಿಡಿದು ನೋಡಿ. ಜೇನಿನ ಎಳೆಯ ಹಾಗೆ ಹಳದಿ ನೂಲು ಕಂಡರೆ ಅದು ಟ್ಯೂಬಿನ ಅಂಟು. ಗಾಜಿನ ಹನಿಯ ಹಾಗೆ ಗಟ್ಟಿ ಇದ್ದು, ಸುತ್ತ ಬಿಳಿ ಹೊಗೆ ಹಿಡಿದಂತಿದ್ದರೆ ಫೆವಿಕ್ವಿಕ್ ತರಹದ್ದು. ಇವೆರಡರಲ್ಲಿ ಒಂದಾದರೆ ನಿಮ್ಮ ಪುಣ್ಯ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಚಳಿಗೆ ಹಳೆ ಅಂಟು ಬಿರುಸಾಗುತ್ತದೆ. ಬೆಳಗ್ಗೆ ತೆಗೆದ ಕೂಡಲೇ ತೆಳು ಬ್ಲೇಡಿನ ತುದಿಯನ್ನು ಸಂದಿಗೆ ಇಟ್ಟು ಮೆಲ್ಲಗೆ ತಿರುವಿದರೆ ಟಕ್ ಅಂತ ಬಿಡುತ್ತದೆ. ಒಂದೇ ಸಲಕ್ಕೆ ಬಿಡದಿದ್ದರೆ ಮತ್ತೆ ಫ್ರೀಜರಿಗೆ. ಜೋರು ಮಾಡಬೇಡಿ.

ಅಂಟೇ ಕಾಣದೆ ಎರಡು ಭಾಗ ಒಂದೇ ಆಗಿ ಹೋಗಿದ್ದರೆ ಅದು ನೀರಿನಂಥ ತೆಳು ಅಂಟು. ಅದು ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಚಳಿಗೆ ಬಗ್ಗುವುದಿಲ್ಲ. ಆಗ ಸಣ್ಣ ಗರಗಸದ ಬ್ಲೇಡಿನಲ್ಲಿ ಗೂಟವನ್ನು ಕುಯ್ದು, ಅದೇ ದಪ್ಪದ ತಂತಿಯಿಂದ ಹೊಸ ಗೂಟ ಹಾಕಬೇಕು. ಅಣ್ಣ ಈಗಲೂ ಇದ್ದರೆ, ಬಿಡಿಸುವ ಮುನ್ನ ಒಂದು ಫೋನ್ ಮಾಡಿ. ಅಲ್ಲೇ ನಿಲ್ಲಿಸಿದ್ಯಾ ಅಂತ ಕೇಳಿ.

ಹಳೆ ಮಾಡೆಲ್ ಕಾರಿನ ಮೇಲೆ ದಪ್ಪನಾಗಿ ಎನಾಮೆಲ್ ಬಣ್ಣ ಬಳಿದಿದ್ದಾರೆ. ಬಾಗಿಲ ಗೆರೆಗಳೇ ಮುಚ್ಚಿಹೋಗಿವೆ. ಥಿನ್ನರ್ ಹಾಕಿ ಒರೆಸಬಹುದಾ? ಬ್ರೇಕ್ ಆಯಿಲ್ ಹಾಕಿ ಅಂತ ಗೆಳೆಯ ಹೇಳುತ್ತಾನೆ. — ವಿದ್ಯಾರ್ಥಿ, ಬೆಂಗಳೂರು

ಥಿನ್ನರ್ ಬೇಡವೇ ಬೇಡ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಪೆಟ್ರೋಲ್, ಇವು ಯಾವುದೂ ಕಿಟ್‌ನ ಹತ್ತಿರ ಬರಬಾರದು. ಕಿಟ್ ಮಾಡಿರುವುದು ಪಾಲಿಸ್ಟೈರೀನ್‌ನಿಂದ. ಥಿನ್ನರಿಗೆ ಬಣ್ಣ ಯಾವುದು, ಪ್ಲಾಸ್ಟಿಕ್ ಯಾವುದು ಅನ್ನುವ ಭೇದ ಇಲ್ಲ. ಶುರುವಿನಲ್ಲಿ ನಾನು ಒಂದು ಕಾರಿನ ಟಾಪಿಗೆ ಥಿನ್ನರ್ ಅದ್ದಿದ ಹತ್ತಿ ಇಟ್ಟೆ. ಅರ್ಧ ನಿಮಿಷ ಆಗಿರಲಿಲ್ಲ. ಹತ್ತಿ ಎತ್ತಿದರೆ ಟಾಪು ಬೆಲ್ಲದ ಪಾಕದ ಹಾಗೆ ನೂಲು ನೂಲಾಗಿ ಎದ್ದು ಬಂತು. ಆ ಕಾರು ಉಳಿಯಲಿಲ್ಲ. ಅದರ ಚಕ್ರ, ಸೀಟು ಈಗಲೂ ನನ್ನ ಡಬ್ಬಿಯಲ್ಲಿವೆ, ಬೇರೆ ಕಾರುಗಳಿಗೆ ಉಪಯೋಗಕ್ಕೆ ಬರುತ್ತಿವೆ.

ಗೆಳೆಯ ಹೇಳಿದ್ದು ಸುಳ್ಳಲ್ಲ. ಬ್ರೇಕ್ ಆಯಿಲ್ ಬಣ್ಣ ಬಿಡಿಸುತ್ತದೆ, ಬಹಳ ಜನ ಬಳಸುತ್ತಾರೆ. ಆದರೆ ಅದು ಚರ್ಮಕ್ಕೆ ಒಳ್ಳೆಯದಲ್ಲ, ಬಚ್ಚಲಿಗೆ ಚೆಲ್ಲುವ ಹಾಗೂ ಇಲ್ಲ. ನಾನು ಬಳಸುವುದು ಡೆಟಾಲ್. ಹೌದು, ಗಾಯಕ್ಕೆ ಹಾಕುವ ಅದೇ ಕಂದು ಡೆಟಾಲ್.

ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಾಡಿ ಮುಳುಗುವಷ್ಟು ಡೆಟಾಲ್ ಸುರಿಯಿರಿ, ನೀರು ಬೆರೆಸಬೇಡಿ. ಗಾಜಿನ ಭಾಗ (ಹೆಸರಿಗೆ ಗಾಜು, ಅದೂ ಪಾರದರ್ಶಕ ಪ್ಲಾಸ್ಟಿಕ್ಕೇ), ಕ್ರೋಮ್ ಭಾಗಗಳನ್ನು ಮೊದಲೇ ಬಿಚ್ಚಿಟ್ಟಿರಿ. ಒಂದು ದಿನ ಬಿಡಿ. ಮಾರನೆ ದಿನ ಕೈಗವಸು ಹಾಕಿ, ಹಳೆ ಬ್ರಷ್‌ನಲ್ಲಿ ಉಜ್ಜಿದರೆ ಬಣ್ಣ ಕೆಸರಿನ ಹಾಗೆ ಬರುತ್ತದೆ. ಮೂವತ್ತು ವರ್ಷದ ಎನಾಮೆಲ್ ಆದರೆ ಮೂರು ನಾಲ್ಕು ದಿನವೂ ಬೇಕಾಗಬಹುದು. ಎಲ್ಲರೂ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಡಬ್ಬಿಯಿಂದ ತೆಗೆದು ನೇರ ನಲ್ಲಿ ಕೆಳಗೆ ಹಿಡಿಯುತ್ತಾರೆ. ನೀರು ತಾಗಿದ ತಕ್ಷಣ ಡೆಟಾಲ್ ಮತ್ತು ಬಣ್ಣ ಸೇರಿ ಹಲಸಿನ ಮೇಣದ ಹಾಗೆ ಆಗುತ್ತವೆ. ಗೆರೆಗಳ ಒಳಗೆ ಹೋದರೆ ಬಿಡಿಸುವುದು ದೊಡ್ಡ ಕಷ್ಟ. ಮೊದಲು ಹೊಸ ಡೆಟಾಲಿನಲ್ಲೇ ಒಮ್ಮೆ ಬ್ರಷ್ ಮಾಡಿ ಕೆಸರನ್ನೆಲ್ಲ ತೆಗೆಯಿರಿ, ಬಟ್ಟೆಯಿಂದ ಒರೆಸಿ, ಆಮೇಲೆ ಸೋಪು ನೀರು. ಮನೆಯಲ್ಲಿ ಬೆಕ್ಕಿದ್ದರೆ ಡಬ್ಬಿಯನ್ನು ಕಪಾಟಿನೊಳಗಿಡಿ, ಡೆಟಾಲ್ ಬೆಕ್ಕಿಗೆ ವಿಷ.

ಬಣ್ಣ ಅಕ್ರಿಲಿಕ್ ಆಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಯಾವುದೇ ದ್ರವ ಇರಲಿ, ಮೊದಲು ಸ್ಪ್ರೂ ತುಂಡಿನ ಮೇಲೆ ಒಂದು ರಾತ್ರಿ ಪರೀಕ್ಷೆ ಮಾಡಿ. ಪೂರ್ತಿ ಬಿಳಿ ಆಗಲೇಬೇಕು ಅಂತಿಲ್ಲ. ಬಾಗಿಲ ಗೆರೆ, ಬಾನೆಟ್ಟಿನ ಅಂಚು ಕಂಡರೆ ಉಳಿದ ಕಲೆಯ ಮೇಲೆ ಪ್ರೈಮರ್ ಹೊಡೆಯಬಹುದು.

ಡಬ್ಬದಲ್ಲಿದ್ದ ಟೈರುಗಳು ಪ್ಲಾಸ್ಟಿಕ್ ಚಕ್ರವನ್ನೇ ತಿಂದುಬಿಟ್ಟಿವೆ! ಇನ್ನೊಂದು, ಮಳೆಗಾಲದಲ್ಲಿ ಸ್ಪ್ರೇ ಮಾಡಿದರೆ ಬಣ್ಣ ಬೂದಿ ಹಿಡಿದ ಹಾಗೆ ಬೆಳ್ಳಗಾಗುತ್ತದೆ. — ಓದುಗರು, ಮಂಗಳೂರು

ಟೈರು ತಿಂದದ್ದು ನಿಜವೇ. ಹಳೆ ಕಿಟ್‌ಗಳ ಟೈರು ರಬ್ಬರ್ ಅಲ್ಲ, ಮೆತ್ತನೆಯ ವಿನೈಲ್. ಅದನ್ನು ಮೆತ್ತಗೆ ಇಡಲು ಹಾಕಿದ ಎಣ್ಣೆಯಂಥ ಪದಾರ್ಥ ವರ್ಷಗಟ್ಟಲೆ ನಿಧಾನವಾಗಿ ಹೊರಗೆ ಬರುತ್ತದೆ. ತಾಗಿದ ಕಡೆಯೆಲ್ಲ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಟೈರು ಗಾಜಿನ ಭಾಗದ ಮೇಲೆ ಬಿದ್ದಿದ್ದರೆ ಗಾಜಿನ ಮೇಲೆ ಟೈರಿನ ಅಚ್ಚೇ ಮೂಡಿರುತ್ತದೆ. ಅದಕ್ಕೇ ಹಳೆ ಡಬ್ಬ ಸಿಕ್ಕ ದಿನವೇ ಟೈರುಗಳನ್ನು ಬೇರೆ ಕವರಿಗೆ ಹಾಕಿ. ತಿಂದ ಚಕ್ರದ ಅಂಚನ್ನು ಪುಟ್ಟಿ ಹಾಕಿ 600 ನಂಬರಿನ ವಾಟರ್ ಪೇಪರಿನಲ್ಲಿ ತಿದ್ದಿ, ಟೈರು ಹಾಕುವ ಮುನ್ನ ಚಕ್ರದ ಸುತ್ತ ಅಲ್ಯೂಮಿನಿಯಂ ಫಾಯಿಲಿನ ತೆಳು ಪಟ್ಟಿ ಸುತ್ತಿ. ಎರಡೂ ಒಂದಕ್ಕೊಂದು ತಾಗಬಾರದು. ಪುಟ್ಟಿ ಕೊಳ್ಳಬೇಕಾಗಿಲ್ಲ. ಅದೇ ಕಿಟ್‌ನ ಖಾಲಿ ಸ್ಪ್ರೂ ಚೂರುಗಳನ್ನು ಪ್ಲಾಸ್ಟಿಕ್ ಅಂಟಿನಲ್ಲಿ ಒಂದು ದಿನ ನೆನೆಸಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. ಒಣಗಿದ ಮೇಲೆ ಅದೇ ಪ್ಲಾಸ್ಟಿಕ್, ಅದೇ ಬಣ್ಣ.

ಬೆಳ್ಳಗಾಗುವುದು ನಿಮ್ಮ ಊರಿನ ತೇವದಿಂದ. ಲ್ಯಾಕರ್ ಸ್ಪ್ರೇ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಜೂನ್, ಜುಲೈಯಲ್ಲಿ ಬಣ್ಣದ ಕೆಲಸ ಇಟ್ಟುಕೊಳ್ಳಲೇಬೇಡಿ. ಆ ಎರಡು ತಿಂಗಳು ಬಿಚ್ಚುವುದು, ಉಜ್ಜುವುದು, ಪುಟ್ಟಿ. ಈಗಾಗಲೇ ಬೆಳ್ಳಗಾಗಿದ್ದರೆ ಬಿಸಿಲಿರುವ ಮಧ್ಯಾಹ್ನ ಅದೇ ಬಣ್ಣದ ಇನ್ನೊಂದು ತೆಳು ಪದರ ಹೊಡೆದು ನೋಡಿ, ಬಹಳ ಸಲ ಸರಿಹೋಗುತ್ತದೆ.

ಮಗನಿಗೆ ಒಂಬತ್ತು ವರ್ಷ. ಅವನ ಅಜ್ಜನ ಹಳೆ ಕಿಟ್ ಇಟ್ಕೊಂಡು ಮಾಡ್ತೀನಿ ಅಂತ ಹಟ. ಅಂಟು, ಬ್ಲೇಡು ನೋಡಿದರೆ ನನಗೆ ಭಯ. — ತಾಯಿ, ಹಾಸನ

ಭಯ ಸರಿಯಾದದ್ದೇ. ಬ್ಲೇಡು, ಫೆವಿಕ್ವಿಕ್, ಸ್ಪ್ರೇ ಮೂರೂ ನಿಮ್ಮ ಕೈಯಲ್ಲಿರಲಿ. ತೊಳೆಯುವುದು, ನಂಬರ್ ನೋಡಿ ಭಾಗ ಹುಡುಕುವುದು, ನೀರು ಹಾಕಿ ಉಜ್ಜುವುದು ಅವನದು. ಉಜ್ಜುವುದು ಮಕ್ಕಳಿಗೆ ಇಷ್ಟವಾಗುವುದಿಲ್ಲ ಅಂತ ದೊಡ್ಡವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ, ಒರಟು ಜಾಗ ನುಣುಪಾಗುವುದು ಬೆರಳಿಗೆ ಗೊತ್ತಾದರೆ ಅವರು ಏಳುವುದೇ ಇಲ್ಲ. ಗಾಜಿನ ಭಾಗಗಳನ್ನು ಅವನು ಫೆವಿಕಾಲಿನಲ್ಲಿ ಅಂಟಿಸಲಿ. ಒಣಗಿದರೆ ಪಾರದರ್ಶಕ, ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಗಾಜಿಗೆ ಫೆವಿಕ್ವಿಕ್ ದೊಡ್ಡವರೂ ಹಾಕಬಾರದು. ಅದರ ಆವಿಗೇ ಗಾಜು ಮಂಜು ಹಿಡಿಯುತ್ತದೆ.

ಪ್ಲಾಸ್ಟಿಕ್ ಅಂಟು ಹಾಕುವಾಗ ಕಿಟಕಿ ತೆರೆದಿರಲಿ, ಅವನು ಬಾಟಲಿಗೆ ಮೂಗು ಹಿಡಿಯದಿರಲಿ. ಅಮೆರಿಕದಲ್ಲಿ 1960ರ ದಶಕದಲ್ಲಿ ಮಕ್ಕಳು ಈ ಅಂಟು ಮೂಸುವುದು ದೊಡ್ಡ ಸಮಸ್ಯೆಯೇ ಆಗಿತ್ತು. ಟೆಸ್ಟರ್ಸ್ ಕಂಪನಿ ತನ್ನ ಅಂಟಿಗೆ ಸಾಸಿವೆ ಎಣ್ಣೆಯ ಘಾಟು ಸೇರಿಸಿತು. ಮೂಸಿದರೆ ಒಗ್ಗರಣೆ ಹೊಗೆ ಮೂಗಿಗೆ ಹೊಡೆದ ಹಾಗೆ ಆಗಲಿ ಅಂತ.

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ನೆರೆಯವರು ಮನೆ ಖಾಲಿ ಮಾಡುವಾಗ ಎಎಮ್‌ಟಿ ಕಂಪನಿಯ 1957ರ ಶೆವ್ರೊಲೆ ಬೆಲ್ ಏರ್ ಕಿಟ್ ಎರಡು ಡಾಲರಿಗೆ ಕೊಟ್ಟರು. ಯಾರೋ ಹುಡುಗ ಕಟ್ಟಿ, ಬಾನೆಟ್ ಮೇಲೆ ಬೆಂಕಿಯ ಜ್ವಾಲೆ ಬರೆದಿದ್ದಾನೆ. ತುಂಬ ಅಂಟು. ಮುಂದಿನ ಬಂಪರ್ ಇಲ್ಲ. ಇದನ್ನು ಕಾರ್ಖಾನೆಯಿಂದ ಬಂದ ಹಾಗೆ ಮಾಡಬೇಕು ಅಂತ ಆಸೆ. — ಓದುಗರು, ಅಮೆರಿಕ

ಈ ಹವ್ಯಾಸದ ತವರಿನಲ್ಲೇ ಇದ್ದೀರಿ. ಎಎಮ್‌ಟಿ 1948ರಲ್ಲಿ ನಿಮ್ಮ ಪಕ್ಕದ ಟ್ರಾಯ್ ಊರಿನಲ್ಲಿ ಶುರುವಾದದ್ದು. ಅಲ್ಯೂಮಿನಮ್ ಮಾಡೆಲ್ ಟಾಯ್ಸ್ ಅನ್ನುವುದು ಅದರ ಪೂರ್ತಿ ಹೆಸರು. ಮೊದಲು ಕಾರು ಕಂಪನಿಗಳಿಗಾಗಿ, ಷೋರೂಮಿನಲ್ಲಿ ಗಿರಾಕಿಗಳಿಗೆ ಕೊಡಲು, 1/25 ಅಳತೆಯ ಕಟ್ಟಿದ ಕಾರುಗಳನ್ನೇ ಮಾಡುತ್ತಿದ್ದರು. 1958ರಲ್ಲಿ ಬಿಡಿ ಭಾಗಗಳ ಕಿಟ್ ತಂದರು. ಒಂದೇ ಡಬ್ಬದಲ್ಲಿ ಮೂರು ದಾರಿ: ಕಂಪನಿ ಕಾರಿನ ಹಾಗೆ ಕಟ್ಟಬಹುದು, ನಮಗೆ ಬೇಕಾದ ಹಾಗೆ ಬದಲಿಸಬಹುದು, ರೇಸಿನ ಕಾರು ಮಾಡಬಹುದು. ಹಾಗಾಗಿ ಜ್ವಾಲೆ ಬರೆದ ಹುಡುಗ ತಪ್ಪು ಮಾಡಿಲ್ಲ, ಡಬ್ಬ ಕೊಟ್ಟ ಎರಡನೇ ದಾರಿ ಹಿಡಿದಿದ್ದಾನೆ.

ಹೀಗೆ ಅಂಟಿನಲ್ಲೇ ಮುಳುಗಿದ ಕಾರಿಗೆ ಅಲ್ಲಿನವರು ಗ್ಲೂ ಬಾಂಬ್ ಅಂತಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ. ಹತ್ತು ವರ್ಷದ ಹುಡುಗ ಭಾಗ ಬಿದ್ದುಹೋದೀತು ಅಂತ ಹೆದರಿ ಜಾಸ್ತಿ ಅಂಟು ಹಾಕಿದ್ದಾನೆ, ಅಷ್ಟೇ ಅಲ್ವಾ? ಬಿಚ್ಚಬೇಕೋ ಬೇಡವೋ ನಿಮ್ಮ ಇಷ್ಟ. ಕಾರು ಈಗ ನಿಮ್ಮದು. ನನ್ನ ಒಂದೇ ಬೇಡಿಕೆ: ಜ್ವಾಲೆಯ ಫೋಟೋವನ್ನು ಹತ್ತಿರದಿಂದ ತೆಗೆದಿಟ್ಟು, ಆಮೇಲೆ ಬಣ್ಣ ಬಿಡಿಸಿ.

ಬಂಪರಿನ ವಿಚಾರದಲ್ಲಿ ಮಾತ್ರ ನನ್ನ ಹಳೆ ಕಸುಬಿನ ಮಾತು ಹೇಳುತ್ತೇನೆ. ಅದೇ ಕಿಟ್ ಇರುವ ಇನ್ನೊಬ್ಬರಿಂದ ಬಂಪರ್ ಎರಡು ದಿನಕ್ಕೆ ಸಾಲ ತನ್ನಿ. ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನ್ ಪುಟ್ಟಿ ಎರಡು ಡಬ್ಬಿಗಳಲ್ಲಿ ಬರುತ್ತದೆ, ಎರಡು ಬಣ್ಣ. ಎರಡನ್ನೂ ಸಮ ಸಮ ತೆಗೆದು ಬಣ್ಣದ ಗೆರೆ ಹೋಗುವವರೆಗೆ ಚಪಾತಿ ಹಿಟ್ಟಿನ ಹಾಗೆ ನಾದಿ. ಬಿಳಿ ಲೇಟೆಕ್ಸ್ ಕೈಗವಸು ಹಾಕಿಕೊಂಡು ನಾದಬೇಡಿ. ಅದರಲ್ಲಿರುವ ಗಂಧಕ ತಾಗಿದರೆ ಪುಟ್ಟಿ ಗಟ್ಟಿಯಾಗುವುದೇ ಇಲ್ಲ. ನಮ್ಮ ಲ್ಯಾಬಿಗೆ ಬಂದ ಹೊಸ ಹುಡುಗಿಯರಿಗೆಲ್ಲ ನಾನು ಮೊದಲ ದಿನ ಹೇಳುತ್ತಿದ್ದ ಮಾತು ಇದು. ತೊಳೆದ ಬರಿಗೈ ಸಾಕು. ಬಂಪರಿನ ಮುಖ ಕೆಳಗೆ ಮಾಡಿ ಪುಟ್ಟಿಯೊಳಗೆ ಒತ್ತಿ, ಅಲ್ಲಾಡಿಸದೆ ಐದಾರು ನಿಮಿಷ ಬಿಡಿ. ತೆಗೆದರೆ ಒಳಗೆ ಬಂಪರಿನ ಒಂದೊಂದು ಗೀರೂ ಕಾಣುತ್ತದೆ. ನೋಡಿ ನೋಡಿ ನನಗೆ 28 ವರ್ಷದಲ್ಲಿ ಸಾಕಾಗಲಿಲ್ಲ.

ಆ ಅಚ್ಚಿಗೆ ಎರಡು ಭಾಗದ ರೆಸಿನ್ ಸುರಿಯಬಹುದು. ನಾನು ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ ಪುಡಿ ಮತ್ತು ದ್ರವ ಬಳಸುತ್ತೇನೆ. ದ್ರವವನ್ನು ಮಾತ್ರ ಕಿಟ್‌ನಿಂದ ದೂರ ಇಡಬೇಕು, ಒಂದು ಹನಿ ಸಿಡಿದರೂ ಪ್ಲಾಸ್ಟಿಕ್ ಕರಗುತ್ತದೆ. ಅದರ ವಾಸನೆಯೂ ಕೆಟ್ಟದ್ದು, ಹೊರಗೆ ವರಾಂಡದಲ್ಲಿ ಮಾಡಿ.

ಇನ್ನು ಹೊಳಪು. ಕಿಟ್‌ನ ಕ್ರೋಮ್ ನಿಜವಾದ ಕ್ರೋಮ್ ಅಲ್ಲ, ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಅಲ್ಯೂಮಿನಿಯಂ ಆವಿ ಹಿಡಿಸಿದ ತೆಳು ಪದರ. ಅದನ್ನು ಮನೆಯಲ್ಲಿ ಮಾಡಲಾಗದು. ಹೊಳೆಯುವ ಕಪ್ಪು ಬಣ್ಣ ಹೊಡೆದು, ಪೂರ್ತಿ ಒಣಗಿದ ಮೇಲೆ ಕ್ರೋಮ್ ಪೆನ್ನಿನಲ್ಲಿ ತುಂಬಿ. ಕೆಳಗಿನ ಕಪ್ಪು ನುಣುಪಾಗಿದ್ದಷ್ಟೂ ಮೇಲಿನ ಕ್ರೋಮ್ ಕನ್ನಡಿಯಾಗುತ್ತದೆ. ಹಿಂದಿನ ಬಂಪರಿನ ಹಳೆ ಕ್ರೋಮ್ ಉದುರಿದ್ದರೆ ಬಟ್ಟೆಗೆ ಹಾಕುವ ಬ್ಲೀಚಿನಲ್ಲಿ ಅದ್ದಿ, ಬೇಗನೆ ಕರಗಿಹೋಗುತ್ತದೆ. ಎರಡೂ ಬಂಪರಿಗೆ ಒಂದೇ ಪೆನ್ನು ಹಾಕಿದರೆ ಬಣ್ಣ ಹೊಂದುತ್ತದೆ. ಬ್ಲೀಚಿನ ಜತೆ ಬೇರೆ ಯಾವ ದ್ರವವನ್ನೂ ಬೆರೆಸಬೇಡಿ.

ಅಂಬಾಸಿಡರ್ ಕಟ್ಟಬೇಕು ಅಂತ ಆಸೆ. ಮನೆಯಲ್ಲಿ ಮಗನ ಹಳೆ ಪುಲ್‌ಬ್ಯಾಕ್ ಅಂಬಾಸಿಡರ್ ಆಟಿಕೆ ಇದೆ, ಬಣ್ಣ ಹೋಗಿದೆ. ಅದನ್ನೇ ಮಾಡೆಲ್ ಮಾಡಬಹುದಾ? — ಓದುಗರು, ಶಿವಮೊಗ್ಗ

ಖಂಡಿತ ಮಾಡಬಹುದು, ಒಳ್ಳೆಯ ಯೋಚನೆ. ತಳದಲ್ಲಿ ಸ್ಕ್ರೂ ಇರುತ್ತವೆ, ಬಿಚ್ಚಿ. ಒಳಗಿನ ಸ್ಪ್ರಿಂಗ್ ಪೆಟ್ಟಿಗೆ ತೆಗೆದಿಡಿ. ಆಟಿಕೆಯ ಪ್ಲಾಸ್ಟಿಕ್ ಕಿಟ್‌ನ ಪ್ಲಾಸ್ಟಿಕ್ ಅಲ್ಲದಿರಬಹುದು. ಕಿಟ್ ಅಂಟು ಹಿಡಿಯದಿದ್ದರೆ ಆಶ್ಚರ್ಯಪಡಬೇಡಿ, ಒಳಗಡೆಯಿಂದ ಎಪಾಕ್ಸಿ ಅಂಟು ಹಾಕಿ.

ಅಳತೆ ನೀವೇ ನೋಡಬಹುದು. ನಿಜವಾದ ಅಂಬಾಸಿಡರಿನ ಉದ್ದ ಸುಮಾರು 4.3 ಮೀಟರ್, ಅಂದರೆ 430 ಸೆಂಟಿಮೀಟರ್. ಅದನ್ನು ನಿಮ್ಮ ಆಟಿಕೆಯ ಉದ್ದದಿಂದ ಭಾಗಿಸಿ. ಬಂದ ಸಂಖ್ಯೆಯೇ ಅಳತೆ. 32ರ ಹತ್ತಿರ ಬಂದರೆ ಬೇರೆ 1/32 ಕಿಟ್‌ಗಳ ಚಕ್ರ, ಸ್ಟೀರಿಂಗ್ ಇದಕ್ಕೆ ಹೊಂದುತ್ತವೆ. ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರಿನಿಂದ ಬಂದದ್ದು. ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ನಡುವೆ ಗ್ರಿಲ್ ಹಲವು ಸಲ ಬದಲಾಗಿದೆ. ನಿಮ್ಮ ಮನಸ್ಸಿನಲ್ಲಿರುವುದು ಯಾವ ಕಾಲದ ಕಾರು ಅಂತ ಮೊದಲು ನಿರ್ಧರಿಸಿ, ಹಳೆ ಮದುವೆ ಆಲ್ಬಮ್ ತೆಗೆದು ನೋಡಿ. ಮದುಮಕ್ಕಳ ಕಾರಿನ ಫೋಟೋ ಇದ್ದೇ ಇರುತ್ತದೆ, ಹೂವಿನ ಹಾರದ ಸಂದಿಯಲ್ಲಿ ಗ್ರಿಲ್ ಕಾಣುತ್ತದೆ.

ನಮ್ಮ ತಂದೆ ಹೋದ ವರ್ಷ ತೀರಿಕೊಂಡರು. ಬ್ಯಾಂಕಿನಲ್ಲಿದ್ದರು. ನಿವೃತ್ತಿಯ ನಂತರ ಒಂದು 1/24 ಕಾರು ಕಟ್ಟುತ್ತಿದ್ದರು. ಬಣ್ಣ, ಸೀಟು, ಗಾಜು ಎಲ್ಲ ಮುಗಿದಿದೆ, ಅಷ್ಟು ಚೆನ್ನಾಗಿದೆ. ಬಾಡಿಯನ್ನು ತಳಕ್ಕೆ ಕೂರಿಸಿಲ್ಲ, ಅಷ್ಟೇ ಬಾಕಿ. ಎರಡು ವರ್ಷ ಹಾಗೇ ಇಟ್ಟಿದ್ದರು. ಯಾಕೆ ಬಿಟ್ಟರೋ ತಿಳಿಯದು. ನಾನು ಮುಗಿಸಬಹುದಾ, ಅಥವಾ ಅವರು ಬಿಟ್ಟ ಹಾಗೇ ಇರಲಾ? ಫೋಟೋ ಇಟ್ಟಿದ್ದೇನೆ. — ಮಗಳು, ಶಿರಸಿ

ನಿಮ್ಮ ಆರು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಬಣ್ಣದ ಕೆಲಸ ನೋಡಿ ಸಂತೋಷವಾಯಿತು. ಬಾಗಿಲ ಗೆರೆಯಲ್ಲಿ ಒಂದು ಕಡೆಯೂ ಬಣ್ಣ ನಿಂತಿಲ್ಲ. ತೆಳುವಾಗಿ ಹೊಡೆದು, ದಿನಗಟ್ಟಲೆ ಕಾದು, ಮತ್ತೆ ಹೊಡೆದವರ ಕೈ ಅದು.

ಈಗ ನಾಲ್ಕನೇ ಫೋಟೋ ತೆಗೆದುಕೊಳ್ಳಿ, ಬಾಡಿಯನ್ನು ಮಗುಚಿ ತೆಗೆದದ್ದು. ಎಡಗಡೆ ಮುಂದಿನ ಚಕ್ರದ ಕಮಾನಿನ ಒಳಗೆ ಬಿಳಿ ಗೀರುಗಳಿವೆ, ಕಾಣುತ್ತವಾ? ಅರದಿಂದ ಉಜ್ಜಿದ ಗುರುತು ಅವು. ಬಲಗಡೆ ಇಲ್ಲ. ಬಾಡಿ ಎಡಗಡೆ ಕೂರುತ್ತಿರಲಿಲ್ಲ, ಅದಕ್ಕೆ ನಿಮ್ಮ ತಂದೆ ಒಳಗಿನಿಂದ ಸ್ವಲ್ಪ ಸ್ವಲ್ಪ ಅರ ಹಾಕಿದ್ದಾರೆ. ಹೊರಗಿನ ಬಣ್ಣಕ್ಕೆ ಒಂದು ಗೀರೂ ತಾಗಿಸಿಲ್ಲ. ಇನ್ನೂ ಉಜ್ಜಿದರೆ ಕಮಾನು ತೆಳುವಾಗಿ ಬಣ್ಣ ಬಿರಿಯುತ್ತದೆ ಅನ್ನುವ ಹಂತಕ್ಕೆ ಬಂದು ನಿಲ್ಲಿಸಿದ್ದಾರೆ. ಅವರು ಬಿಟ್ಟುಬಿಟ್ಟರು ಅಂತ ನನಗನ್ನಿಸುವುದಿಲ್ಲ. ಮುಂದೇನು ಮಾಡಲಿ ಅಂತ ಯೋಚಿಸುತ್ತಿದ್ದರು.

ಐದನೇ ಫೋಟೋದಲ್ಲಿ ತಳಭಾಗ ಮೇಜಿನ ಮೇಲಿದೆ. ಮೂರು ಚಕ್ರ ಮೇಜಿಗೆ ತಾಗಿವೆ, ಎಡಗಡೆ ಮುಂದಿನದು ಎದ್ದಿದೆ. ಕಡ್ಡಿಪೆಟ್ಟಿಗೆಯ ಕಡ್ಡಿ ನುಸುಳುವಷ್ಟು. ಬಾಡಿಯಲ್ಲಿ ತಪ್ಪಿಲ್ಲ, ತಳ ತಿರುಚಿದೆ. ಡಬ್ಬದಲ್ಲಿ ಅದರ ಮೇಲೆ ಭಾರ ಬಿದ್ದಿತ್ತೇನೋ, ಬಿಸಿಲು ತಾಗಿತ್ತೇನೋ. ನಮ್ಮ ಲ್ಯಾಬಿನಲ್ಲೂ ಹೀಗೇ ಆಗುತ್ತಿತ್ತು. ಮೇಲಿನ ಸೆಟ್ ಕೂರುವುದಿಲ್ಲ ಅಂತ ಅದನ್ನು ಉಜ್ಜುತ್ತಾ ಹೋಗುತ್ತೇವೆ, ಕೆಳಗಿನ ಗಟ್ಟಿ ಪ್ಲಾಸ್ಟರಿನ ಅಚ್ಚೇ ಸೊಟ್ಟಗಿರುತ್ತದೆ. ಅನುಭವ ಇರುವವರಿಗೂ ಇದು ಬೇಗ ಕಾಣುವುದಿಲ್ಲ. ಕಣ್ಣು ಬಣ್ಣ ಇರುವ ಕಡೆಗೇ ಹೋಗುತ್ತದೆ.

ನೀವು ಮುಗಿಸಿ. ನನಗೆ ಅನುಮಾನವೇ ಇಲ್ಲ. ಬೇಸರವಾದರೆ ಅರ್ಧ ದಿನದಲ್ಲಿ ಮುಗಿಸುವ ಅವಸರ ಬೇಡ, ಎರಡು ವಾರ ತೆಗೆದುಕೊಳ್ಳಿ.

ಮೊದಲು ತಳದಿಂದ ಚಕ್ರ, ಆಕ್ಸಲ್, ಸೀಟಿನ ಭಾಗ ಬಿಚ್ಚುವ ಹಾಗಿದ್ದರೆ ಬಿಚ್ಚಿಡಿ. ಬಣ್ಣ ಹೊಡೆದ ಬಾಡಿಯನ್ನು ಬೇರೆ ಕೋಣೆಯಲ್ಲೇ ಇಡಿ. ಅಗಲವಾದ ತಟ್ಟೆಯಲ್ಲಿ ಬಿಸಿ ನೀರು ತೆಗೆದುಕೊಳ್ಳಿ. ಕುದಿಯುವ ನೀರು ಬೇಡ, ಒಲೆಯಿಂದ ಇಳಿಸಿ ಏಳೆಂಟು ನಿಮಿಷ ಬಿಟ್ಟ ನೀರು. ತಳವನ್ನು ಅರ್ಧ ನಿಮಿಷ ಮುಳುಗಿಸಿ, ಇಕ್ಕಳದಿಂದ ತೆಗೆದು, ಕೈಗೆ ಬಟ್ಟೆ ಸುತ್ತಿಕೊಂಡು ತಿರುಚಿದ ದಿಕ್ಕಿನ ವಿರುದ್ಧ ಮೆಲ್ಲಗೆ ತಿರುಚಿ. ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಆಮೇಲೆ ಗಾಜಿನ ತುಂಡಿನ ಮೇಲಿಟ್ಟು ನಾಲ್ಕು ಮೂಲೆಯೂ ಬೆರಳಿನಿಂದ ಒತ್ತಿ ನೋಡಿ. ಕಟಕಟ ಅಂದರೆ ಇನ್ನೂ ತಿರುಚು ಇದೆ. ಒಂದೇ ಸಲಕ್ಕೆ ಆಗುವುದಿಲ್ಲ, ಮೂರು ನಾಲ್ಕು ಸಲ ಆಗಬಹುದು. ಆಕ್ಸಲ್ ಬಿಚ್ಚಲು ಬಾರದೆ ಹೋದರೆ ನೀರಿಗೆ ಹಾಕಬೇಡಿ, ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಿರುಚಿದ ಕಡೆ ಮಾತ್ರ ಸುತ್ತಿ.

ತಳ ಸಮವಾದ ಮೇಲೆ ಬಾಡಿಯನ್ನು ಅಂಟಿಲ್ಲದೆ ಇಟ್ಟು ನೋಡಿ. ಕೂರುತ್ತದೆ. ಕಮಾನಿನ ಒಳಗಿನ ಬಿಳಿ ಗೀರುಗಳಿಗೆ ಬಣ್ಣ ಹಚ್ಚಬೇಡಿ. ಹೊರಗೆ ಕಾಣುವುದಿಲ್ಲ, ಇರಲಿ. ನಾಲ್ಕೂ ಚಕ್ರ ಮೇಜಿಗೆ ತಾಗಿದ ದಿನ ನನಗೊಂದು ಫೋಟೋ ಕಳಿಸಿ, ನಾಲ್ಕನೇ ಫೋಟೋ ತೆಗೆದ ಅದೇ ಕಿಟಕಿಯ ಬೆಳಕಿನಲ್ಲಿ.